ಹಾಲಮ್ಮ, ಹನ್ನೊಂದು ನಿಮಿಷ

ಮೂರು ಸಲ ಬಂದಿದ್ದಳು ಕೌಂಟರಿಗೆ.
ಪಾಸ್‌ಬುಕ್ಕಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿ
ಹಾಲಮ್ಮ ಹಲಮ್ಮ ಆಗಿದ್ದಳು.
"ಹಲ ಅಂದ್ರೆ ಹಲವು ಅಲ್ಲೇನವ್ವಾ,
ನಾನು ಒಬ್ಬಾಕೇ ಇದೀನಿ."

ರಾತ್ರಿ ಒಂದೂವರೆ. ಹೊಸ ಆವೃತ್ತಿ ಏರಿಸುವ ರಾತ್ರಿ.
ಮಂಡಿಪೇಟೆಯ ನಮ್ಮ ಸಹಕಾರಿ ಸಂಘದ ಮಹಡಿಯಲ್ಲಿ
ನಾನು, ಒಂದು ಫ್ಯಾನು, ಆಗಾಗ ಕೂಗುವ ಯುಪಿಎಸ್ಸು.
ಸರ್ವರ್ ಕೋಣೆಯ ಬೀಗ ಬಲು ದೊಡ್ಡದು;
ಕೀಲಿಕೈ ಮಾತ್ರ ಬಾಗಿಲ ಪಕ್ಕದ ಮೊಳೆಯಲ್ಲೇ.
ಮ್ಯಾನೇಜರ ಪಾಸ್‌ವರ್ಡು ಮೇಜಿನ ಗಾಜಿನ ಕೆಳಗೆ:
ಮಗಳ ಹೆಸರು, ಆಮೇಲೆ ಒಂದು ಎರಡು ಮೂರು.
ಬದಲಾಯಿಸಿ ಸಾರ್ ಎಂದರೆ
ಮಗಳನ್ನೇ ಬದಲಾಯಿಸು ಎಂದಂತೆ ನೋಡುತ್ತಾರೆ.

ಕಂಪನಿಯವನಿಗೆ ಫೋನು ಹಚ್ಚಿದೆ.
"ನಮ್ಮ ಹತ್ರ ಸರಿಯಾಗೇ ಓಡ್ತದೆ ಮೇಡಂ."
ಅವನ ಹತ್ತಿರ ಎಲ್ಲವೂ ಓಡುತ್ತದೆ.
ಅವನ ಹತ್ತಿರ ಹಾಲಮ್ಮ ಇಲ್ಲ.

ಕಿಟಕಿಯಾಚೆ ಭಟ್ಟಿಗಳ ಕಡೆಯಿಂದ ಹೊಟ್ಟಿನ ಹೊಗೆ.
ಅಪ್ಪ ಈ ಹೊತ್ತಿಗೆ ಕಾದ ಮರಳಿಗೆ ಅಕ್ಕಿ ಸುರಿಯುತ್ತಿರುತ್ತಾನೆ,
ಜರಡಿಯಾಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ.
ನಲವತ್ತು ವರ್ಷದಲ್ಲಿ ಒಮ್ಮೆಯೂ ಜರಡಿ ಮರೆತವನಲ್ಲ.
ನಾನು ಮರೆತೆ.

ಹೆಸರು ತಿದ್ದು ಎಂದು ಬರೆದೆ.
ಹಾಲಮ್ಮ ಎಂದು ಬರೆದೆ, ದೀರ್ಘ ಕೊಟ್ಟು, ಎಚ್ಚರದಿಂದ.
ಯಾರದ್ದು ಎಂದು ಬರೆಯಲಿಲ್ಲ.
ಎಂಟರ್.

ಪರದೆ ಬಹಳ ಸಭ್ಯವಾಗಿ ಹೇಳಿತು:
ಹದಿನಾಲ್ಕು ಸಾವಿರದ ಮುನ್ನೂರ ಆರು ಸಾಲು ಬದಲಾಗಿವೆ.

ಎಣ್ಣೆ ಮಿಲ್ಲಿನ ಮಾಲೀಕ, ಹಾಲಮ್ಮ.
ಜಾಲಿನಗರದ ವೆಲ್ಡರು, ಹಾಲಮ್ಮ.
ಸಾಲ ಕಟ್ಟದವನೂ ಹಾಲಮ್ಮ, ಅವನಿಗೆ ಜಾಮೀನು ನಿಂತವನೂ ಹಾಲಮ್ಮ.
ಹನ್ನೆರಡು ವರ್ಷದಿಂದ ಕೋರ್ಟಿಗೆ ಅಲೆಯುವ ಅಣ್ಣತಮ್ಮಂದಿರು
ಈಗ ಒಬ್ಬಳೇ ಹಾಲಮ್ಮ.
ಸತ್ತವರ ಖಾತೆ, ಹುಟ್ಟಿ ವಾರವಾದ ಕೂಸಿನ ಠೇವಣಿ,
ಭಟ್ಟಿ ದಸ್ತಗೀರ್ ಸಾಬ್, ಅಂದರೆ ನಮ್ಮಪ್ಪ, ಹಾಲಮ್ಮ.
ನನ್ನ ಸಂಬಳದ ಖಾತೆ ತೆರೆದೆ:
ನೂರ್‌ಜಬೀನ್ ಎಲ್ಲೂ ಇಲ್ಲ.

ಇಡೀ ದಾವಣಗೆರೆ ಒಬ್ಬ ಮುದುಕಿ.
ಭಯಕ್ಕಿಂತ ಮೊದಲು, ಒಂದೇ ಕ್ಷಣ, ನಗು ಬಂತು.
ಇದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ಬೆವರು.
ಬ್ಯಾಕಪ್ಪಿನ ಹಸಿರು ದೀಪ ಎರಡು ವರ್ಷದಿಂದ ಉರಿಯುತ್ತಿದೆ;
ಒಳಗೇನಿದೆ ಎಂದು ಯಾರೂ ಬಿಚ್ಚಿ ನೋಡಿಲ್ಲ,
ಮದುವೆಯಲ್ಲಿ ಬಂದು ಬೀರುವಿನ ಮೇಲೇ ಉಳಿದ
ಡಿನ್ನರ್ ಸೆಟ್ಟಿನ ಡಬ್ಬದ ಹಾಗೆ.
ಬಿಚ್ಚಿದೆ. ಸೋಮವಾರದ್ದು ಖಾಲಿ. ಮಂಗಳವಾರದ್ದು ಅರ್ಧ.
ಉಳಿದದ್ದು ಒಂದೇ: ಸಂಜೆ ಮನಸ್ಸು ತಡೆಯದೆ
ನಾನೇ ಪೆನ್‌ಡ್ರೈವಿಗೆ ಇಳಿಸಿಕೊಂಡ ನಕಲು.
ಪೆನ್‌ಡ್ರೈವ್ ತರುವಂತಿಲ್ಲ ಎಂಬ ಚೀಟಿಯನ್ನು
ಗೋಡೆಗೆ ಅಂಟಿಸಿದವಳೂ ನಾನೇ.

ಹೆಸರುಗಳು ಒಂದೊಂದೇ ಮನೆಗೆ ಮರಳಿದವು.
ಗಡಿಯಾರ ನೋಡಿದೆ. ಹನ್ನೊಂದು ನಿಮಿಷ.

ಹಳೆಯ ಗುಮಾಸ್ತ ಚನ್ನವೀರಯ್ಯನವರು
ನಿವೃತ್ತಿಯ ಹಾರ ಕೊರಳಲ್ಲಿರುವಾಗಲೇ ಹೇಳಿದ್ದರು:
"ತಿದ್ದೋ ಮುಂಚೆ ಸಾಲಿನ ಮೇಲೆ ಎಡಗೈ ಬೆರಳಿಡವ್ವ,
ಆಮೇಲೆ ಬಲಗೈಗೆ ಪೆನ್ನು."
ಕಂಪ್ಯೂಟರಿಗೆ ಎಲ್ಲಿಯ ಬೆರಳು ಅಜ್ಜಾ ಎಂದು ನಕ್ಕಿದ್ದೆ.

ಬೆರಳು ಪರದೆಗೆ ಒತ್ತಿದೆ.
ಯಾರದ್ದು ಎಂಬುದನ್ನು ಮೊದಲು ಬರೆದೆ.
ಒಂದು ಸಾಲು ಬದಲಾಗಿದೆ.
ಗಾಜಿನ ಮೇಲೆ ಬೆವರಿನ ಗುರುತು ಉಳಿಯಿತು, ಒರೆಸಲಿಲ್ಲ.

ಹತ್ತೂಕಾಲಿಗೆ ಬಂದಳು. ಪಾಸ್‌ಬುಕ್ಕು ಪ್ರಿಂಟಾಯಿತು.
ದೀರ್ಘದ ಮೇಲೆ ಉಗುರಿಟ್ಟು ನೋಡಿ "ಹೂಂ" ಎಂದಳು.
ನಾನು ಅವಳ ಮುಖ ನೋಡಲಾರದೆ
ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದೆ.
ರಾತ್ರಿ ಈ ಊರಿನ ಅಷ್ಟೂ ಸಾಲ, ಅಷ್ಟೂ ಬಂಗಾರ
ಇವಳ ಹೆಸರಿನಲ್ಲಿತ್ತು.

"ಅಲ್ಲವ್ವ," ಎಂದಳು ತಿರುಗಿ ಬಂದು,
"ಎಸ್ಸೆಮ್ಮೆಸ್ಸಿಗೆ ಅಂತ ಹದಿನೆಂಟು ರೂಪಾಯಿ ಮುರಕೊಂಡೀರಲ್ಲ,
ನನಗೆ ಮೊಬೈಲೇ ಇಲ್ಲ."